ಪದ್ಯದ ತೋಟ, ಗದ್ಯದ ಹೊಲ: ಸವದತ್ತಿ ಸೀಮೆಯ ಶಾಸನಗಳಲ್ಲಿ ಪಟ್ಟಣ ಮತ್ತು ಹಳ್ಳಿ

ಶಾಸನಗಳ ನಿಸರ್ಗವರ್ಣನೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ಈ ಪದ್ಯಗಳು ನಮ್ಮ ಚಂಪೂಕಾವ್ಯಗಳಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಎರಡು, ಅಂದಿನ ಹಳ್ಳಿಗಾಡು ಎಷ್ಟು ಸಮೃದ್ಧವಾಗಿತ್ತು ಅನ್ನೋದಕ್ಕೆ ಈ ಪದ್ಯಗಳೇ ಸಾಕ್ಷಿ. ಮೊದಲನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಎರಡನೆಯದಕ್ಕೆ ತಕರಾರಿದೆ. ಸವದತ್ತಿಯ ರಟ್ಟರ ಕಾಲದ ಶಾಸನಗಳನ್ನು ಓದುತ್ತಾ ಹೋದ ಹಾಗೆ ನನಗೆ ಅನಿಸಿದ್ದು ಇಷ್ಟು: ಪದ್ಯಭಾಗದಲ್ಲಿ ಹಳ್ಳಿ ಇಲ್ಲ, ಪಟ್ಟಣವೂ ಇಲ್ಲ, ಎರಡೂ ಒಂದೇ ತೋಟವಾಗಿ ಕಾಣುತ್ತವೆ. ಹಳ್ಳಿ ಹಳ್ಳಿಯಾಗಿ, ಪಟ್ಟಣ ಪಟ್ಟಣವಾಗಿ ಕಾಣೋದು ಕೆಳಗಿನ ದತ್ತಿಯ ಗದ್ಯದಲ್ಲಿ. ನಾವು ಸಂಕಲನ ಮಾಡುವಾಗ ಆ ಗದ್ಯವನ್ನೇ ಬಿಟ್ಟುಬಿಡುತ್ತೇವೆ.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಹಳಗನ್ನಡ ಕಲಿತಿದ್ದು ಪುಸ್ತಕ ಎದುರಿಗೆ ಇಟ್ಟುಕೊಂಡು, ರಜಾದಿನಗಳಲ್ಲಿ. ಹೀಗಾಗಿ ಅಲಂಕಾರಕ್ಕಿಂತ ಮೊದಲು ಅಳತೆ ನನ್ನ ಕಣ್ಣಿಗೆ ಬೀಳುತ್ತದೆ. ವಿದ್ವಾಂಸರು ಈ ಬರಹವನ್ನು ಆ ಹಿನ್ನೆಲೆಯಲ್ಲೇ ಓದಬೇಕು.

ನಾಲ್ಕು ತಾಲೂಕು, ಒಂದಲ್ಲ ಎರಡು ನೆಲ

ಮೊದಲು ನೆಲದ ಮಾತು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ: ನಕಾಶೆಯಲ್ಲಿ ಪಡುವಣದಿಂದ ಮೂಡಣಕ್ಕೆ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುತ್ತವೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ಸೀಮೆಯನ್ನು ಹಾಯ್ದು ಕೂಡಲಸಂಗಮಕ್ಕೆ ಹೋಗಿ ಕೃಷ್ಣೆಯನ್ನು ಸೇರುತ್ತಾಳೆ. ಕಿತ್ತೂರಿನ ಕಡೆ ಮಲೆನಾಡಿನ ಸೆರಗು. ದೇಗಾಂವಿಯ ಕಮಲನಾರಾಯಣ ಗುಡಿಗೆ ಹೋದವರಿಗೆ ಇದು ಗೊತ್ತು. ಅಲ್ಲಿ ಭತ್ತದ ಗದ್ದೆ ಕಾಣುತ್ತದೆ, ಗಾಳಿಯಲ್ಲಿ ತಂಪು ಇರುತ್ತದೆ. ಗೋವೆಯ ಕದಂಬ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ಗುಡಿ ಅದು, 12ನೇ ಶತಮಾನದ್ದು. ಅಲ್ಲಿಂದ ಮೂಡಣಕ್ಕೆ ಬಂದ ಹಾಗೆ ಮಳೆ ಇಳಿಯುತ್ತದೆ, ನೆಲ ಕಪ್ಪಾಗುತ್ತದೆ. ಬೈಲಹೊಂಗಲ ಹೆಸರಿಗೆ ತಕ್ಕಂತೆ ಬಯಲು. ಸವದತ್ತಿ ದಾಟಿ ರಾಮದುರ್ಗಕ್ಕೆ ಬರುವ ಹೊತ್ತಿಗೆ ವರ್ಷದ ಮಳೆ ಐದಾರು ನೂರು ಮಿಲಿಮೀಟರಿನ ಆಸುಪಾಸು. ಎರಿ ಹೊಲ, ಅದರ ನಡುನಡುವೆ ಕಲ್ಲು ಗುಡ್ಡ, ಮಡ್ಡಿ. ಬೆಳೆ ಅಂದ್ರ ಬಿಳಿಜೋಳ, ಕಡಲಿ, ಗೋಧಿ, ಕುಸುಬಿ, ಹತ್ತಿ. ಬ್ಯಾಸಿಗಿಯೊಳಗ ನೆಲ ಕಾಲು ಸಿಗುವಷ್ಟು ಬಿರಿಯುತ್ತದೆ.

ಈಗ ರಟ್ಟರ ಶಾಸನಗಳನ್ನು ತೆಗೆದುಕೊಳ್ಳಿ. ರಟ್ಟರು ಆಳಿದ್ದು ಕೂಂಡಿ–3000 ನಾಡನ್ನು. ಮೊದಲು ರಾಷ್ಟ್ರಕೂಟರ, ಆಮೇಲೆ ಕಲ್ಯಾಣದ ಚಾಲುಕ್ಯರ ಮಾಂಡಳಿಕರಾಗಿದ್ದು, 13ನೇ ಶತಮಾನದವರೆಗೆ ಬಂದ ಮನೆತನ. ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿ, ಅವರ ರಾಜಧಾನಿ. ಕಾಲಾನಂತರ ಅದು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ ಹೋಯಿತು. ಸವದತ್ತಿಯ ಶಾಸನಗಳನ್ನು 19ನೇ ಶತಮಾನದಲ್ಲಿ ಫ್ಲೀಟ್ ಪ್ರಕಟಿಸಿದರು. ಬೈಲಹೊಂಗಲ ತಾಲೂಕಿನ ಸೊಗಲದ 980ರ ಶಾಸನ, ಸವದತ್ತಿ ತಾಲೂಕಿನ ಹೂಲಿಯ ಶಾಸನಗಳು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಬಾರ್ನೆಟ್ ಅವರಿಂದ ಬಂದವು. ಈ ಸೀಮೆ ಸಾಮಾನ್ಯದ್ದಲ್ಲ ಅನ್ನೋದಕ್ಕೆ ಇನ್ನೊಂದು ಮಾತು: ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸುವ ನಾಲ್ಕು ಊರುಗಳಲ್ಲಿ ಒಂಕುಂದವೂ ಒಂದು. ಅದೇ ಮಲಪ್ರಭೆಯ ದಂಡೆಯ ಇಂದಿನ ವಕ್ಕುಂದ, ಬೈಲಹೊಂಗಲ ತಾಲೂಕು. ಕನ್ನಡದ ತಿರುಳು ಇರುವ ಜಾಗದಲ್ಲೇ ಕನ್ನಡದ ಕವಿಗಳು ತಮ್ಮ ಕಾಲ ಕೆಳಗಿನ ನೆಲವನ್ನು ಹೇಗೆ ನೋಡಿದರು ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಕಡಲಿನಿಂದ ಊರಿಗೆ ಇಳಿಯುವ ಪದ್ಯ

ಈ ಕಾಲದ ದೊಡ್ಡ ಶಾಸನಗಳ ಪದ್ಯಭಾಗಕ್ಕೆ ಒಂದು ನಡೆ ಇದೆ. ಮಂಗಳಪದ್ಯ ಆದ ಮೇಲೆ ಕಡಲು ಸುತ್ತಿದ ಭೂಮಿ ಬರುತ್ತದೆ. ನಡುವೆ ಮೇರು, ಅದರ ತೆಂಕಣಕ್ಕೆ ಭರತಖಂಡ, ಅದರಲ್ಲಿ ಕುಂತಳ, ಕುಂತಳದಲ್ಲಿ ಕೂಂಡಿ, ಅದರಲ್ಲಿ ಒಂದು ಕಂಪಣ, ಕೊನೆಗೆ ಊರು. ದೂರದಿಂದ ಹತ್ತಿರಕ್ಕೆ, ದೊಡ್ಡದರಿಂದ ಸಣ್ಣದಕ್ಕೆ. ಎಂಜಿನಿಯರಿಗೆ ಇದು ಬಹಳ ಹಿಡಿಸುವ ಕ್ರಮ. ನಾವೂ ಮೊದಲು ಜಿಲ್ಲೆಯ ನಕಾಶೆ, ಆಮೇಲೆ ತಾಲೂಕು, ಆಮೇಲೆ ಊರಿನ ನಕಾಶೆ ಹಾಸಿಕೊಳ್ಳುತ್ತೇವೆ.

ಒಂದು ವ್ಯತ್ಯಾಸ ಇದೆ. ನಮ್ಮ ನಕಾಶೆ ಹತ್ತಿರ ಬಂದ ಹಾಗೆ ಹೊಸ ವಿವರ ಕೊಡುತ್ತದೆ. ಶಾಸನದ ಪದ್ಯ ಊರಿಗೆ ಬಂದಾಗ ವಿವರ ಬದಲಾಗುವುದಿಲ್ಲ. ಯಾವ ಊರಾದರೂ ಸರಿ, ಮಾವು, ಅಡಕೆ, ತೆಂಗು, ಬಾಳೆ, ವೀಳ್ಯದೆಲೆಯ ಬಳ್ಳಿ. ತಾವರೆ ತುಂಬಿದ ಕೊಳ. ಗಂಧಶಾಲಿಯ ಗದ್ದೆ, ಅದಕ್ಕೆ ಎರಗುವ ಗಿಳಿವಿಂಡು. ಕೋಗಿಲೆ, ದುಂಬಿ, ಹಂಸ. ಮಲೆನಾಡಿನ ಸೆರಗಿನ ಊರಿಗೂ ಇದೇ, ಎರೆನಾಡಿನ ಊರಿಗೂ ಇದೇ. ನಾನು ಓದಿರುವ ರಟ್ಟ ಶಾಸನಗಳ ವರ್ಣನೆಯಲ್ಲಿ ಜೋಳದ ಹೊಲ ನನಗೆ ಸಿಕ್ಕಿಲ್ಲ. ಜೋಳ ತಿಂದೇ ಬದುಕಿದ ನಾಡು, ಗಿಳಿ ಜೋಳದ ತೆನೆಗೂ ಬೀಳುತ್ತದೆ ಅಂತ ಗೊತ್ತಿರುವ ನಾಡು. ಆದರೆ ಪದ್ಯದ ಗಿಳಿಗೆ ಗಂಧಶಾಲಿಯೇ ಬೇಕು!

ರಾಮದುರ್ಗದ ಕಡೆ ಒಬ್ಬ ಹಿರಿಯ ರೈತರಿಗೆ ಇಂಥ ಒಂದು ವರ್ಣನೆಯ ಅರ್ಥ ಬಿಡಿಸಿ ಹೇಳಿದಾಗ ಅವರು ಅಂದದ್ದು, “ಚಲೋ ಐತ್ರಿ ಸಾಹೇಬ್ರ. ಆದ್ರ ಇದು ಯಾವ ಊರಿಂದು?” ಅದು ಅವರದೇ ಸೀಮೆಯ ಕಲ್ಲು. ಅವರ ಪ್ರಶ್ನೆಯನ್ನು ವಿಮರ್ಶೆಯ ಪ್ರಶ್ನೆಯಾಗಿಯೇ ತಗೋಬೇಕು ಅಂತ ನನಗೆ ಅನಿಸುತ್ತದೆ.

ಯಾಕೆ ಹೀಗೆ? ಉತ್ತರ ಕಾವ್ಯಶಾಸ್ತ್ರದಲ್ಲೇ ಇದೆ. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಮಹಾಕಾವ್ಯದಲ್ಲಿ ಏನೇನು ಬರಬೇಕು ಅಂತ ಪಟ್ಟಿ ಕೊಡುತ್ತಾನೆ. ನಾವು ಅಷ್ಟಾದಶ ವರ್ಣನೆ ಅನ್ನುವ ಆ ಹದಿನೆಂಟನ್ನು ಒಮ್ಮೆ ಎಣಿಸಿ ನೋಡ್ರಿ: ನಗರ, ಕಡಲು, ಬೆಟ್ಟ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನವಿಹಾರ, ಜಲಕ್ರೀಡೆ, ಮಧುಪಾನ, ಸುರತ, ವಿರಹ, ವಿವಾಹ, ಕುಮಾರೋದಯ, ಮಂತ್ರಾಲೋಚನೆ, ದೂತ, ಪ್ರಯಾಣ, ಯುದ್ಧ, ನಾಯಕನ ಅಭ್ಯುದಯ. ನಗರ ಮೊದಲನೆಯದು. ಹಳ್ಳಿ ಹದಿನೆಂಟರಲ್ಲಿ ಒಂದೂ ಅಲ್ಲ. ಹೊಲ ಇಲ್ಲ, ಸುಗ್ಗಿ ಇಲ್ಲ. ನಿಸರ್ಗ ಬರೋದು ಉದ್ಯಾನವಾಗಿ, ಆಡುವ ನೀರಾಗಿ, ವಿರಹಿಗಳನ್ನು ಕಾಡುವ ಚಂದ್ರನಾಗಿ. ಅಂದರೆ ಪೇಟೆಯಲ್ಲಿ ಕೂತವರ ನಿಸರ್ಗವಾಗಿ.

ಮಹಾಕಾವ್ಯ ಬರೆಯುವ ಕವಿಗೆ ಇದರಿಂದ ತೊಂದರೆ ಇಲ್ಲ; ಅವನ ಕಥೆ ರಾಜಧಾನಿಯಲ್ಲಿ ನಡೆಯುತ್ತದೆ. ಶಾಸನಕವಿಗೆ ಪೇಚಾಟ ಇತ್ತು. ಅವನಿಗೆ ಬರೆಯಲು ಕೊಟ್ಟಿದ್ದು ಬಹಳ ಸಲ ಒಂದು ಹಳ್ಳಿಯ ದತ್ತಿ. ಹಳ್ಳಿಯನ್ನು ಹೊಗಳಬೇಕು, ಆದರೆ ಹಳ್ಳಿಯನ್ನು ಹೊಗಳಲು ಅವನ ಕೈಯಲ್ಲಿ ಇದ್ದದ್ದು ಪಟ್ಟಣದ ಉದ್ಯಾನ ಮಾತ್ರ. ಅದನ್ನೇ ತಂದು ಹಳ್ಳಿಗೆ ಉಡಿಸಿದ.

ಪಟ್ಟಣವೂ ಅದೇ ಉಡುಗೆಯಲ್ಲಿ

ಹಾಗಾದರೆ ಪಟ್ಟಣವಾದರೂ ಪಟ್ಟಣವಾಗಿ ಕಾಣಬೇಕಲ್ಲ? ಕಾಣುವುದಿಲ್ಲ. ಇದನ್ನು ತೋರಿಸಲು ಬೆಳಗಾವಿಯ ಎರಡು ಕಲ್ಲುಗಳ ಕಡೆಗೆ ಹೋಗುತ್ತೇನೆ. ಅವು ನಮ್ಮ ನಾಲ್ಕು ತಾಲೂಕಿನ ಹೊರಗಿನವು, ಆದರೆ ಸವದತ್ತಿಯ ಅರಸರವೇ. ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಶಾಸನಗಳು; ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬರೆದ ಕವಿ ಬಾಲಚಂದ್ರ, ಬಿರುದು ಕವಿಕಂದರ್ಪ. ಬೀಚಣ ಕಟ್ಟಿಸಿದ ರಟ್ಟಜಿನಾಲಯ ಅನ್ನುವ ಒಂದೇ ಬಸದಿಗೆ ಎರಡು ದತ್ತಿ. ಒಂದರಲ್ಲಿ ಉಂಬರವಾಣಿ ಅನ್ನುವ ಹಳ್ಳಿ. ಇನ್ನೊಂದರಲ್ಲಿ ವೇಣುಗ್ರಾಮದ ಭೂಮಿಯ ಜೊತೆಗೆ ಪೇಟೆಯ ವರ್ತಕರು ಬಿಟ್ಟುಕೊಟ್ಟ ಸುಂಕದ ಆದಾಯವೂ ಸೇರಿದೆ.

ಒಬ್ಬನೇ ಅರಸ, ಒಂದೇ ಬಸದಿ, ಒಂದೇ ಕಾಲ. ಒಂದು ಹಳ್ಳಿ, ಒಂದು ಪಟ್ಟಣ. ಹೋಲಿಕೆ ಮಾಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗೋದು ಕಷ್ಟ. ಪದ್ಯಭಾಗ ಓದಿದರೆ ನಾಡಿನ ಸೊಬಗು, ರಾಜಧಾನಿಯ ಸೊಬಗು, ವಂಶದ ಹೊಗಳಿಕೆ. ದತ್ತಿಯ ಭಾಗಕ್ಕೆ ಬಂದ ಕೂಡಲೇ ದಾರಿ ಕವಲೊಡೆಯುತ್ತದೆ. ಹಳ್ಳಿ ಅಂದರೆ ನೆಲ. ಪಟ್ಟಣ ಅಂದರೆ ಬೇರೆ ಬೇರೆ ನಾಡುಗಳಿಂದ ಬಂದ ವರ್ತಕರು, ಸರಕು, ಪ್ರತಿಯೊಂದು ಸರಕಿನ ಮೇಲೆ ಇಷ್ಟಿಷ್ಟು ಅಂತ ಪಾಲು. ಪೇಟೆಯ ಗದ್ದಲ, ಸರಕಿನ ವಾಸನೆ ಎಲ್ಲಾ ಆ ಸುಂಕದ ಪಟ್ಟಿಯಲ್ಲೇ ಇದೆ.

ಹೆಸರುಗಳಲ್ಲೂ ಒಂದು ತಮಾಷೆ ಇದೆ. ರಾಜಧಾನಿಯ ಹೆಸರು ವೇಣುಗ್ರಾಮ, ಬಿದಿರಿನ ಹಳ್ಳಿ. ಉಂಬರವಾಣಿ ಅನ್ನುವ ಹೆಸರಲ್ಲಿ ಅತ್ತಿಮರ ಇದ್ದ ಹಾಗೆ ತೋರುತ್ತದೆ. ಬಿದಿರೂ ಅತ್ತಿಯೂ ಊರಿನ ಹೆಸರಿನಲ್ಲಿ ಉಳಿದಿವೆ, ಯಾಕಂದರೆ ಹೆಸರಿಟ್ಟವರು ಅಲ್ಲಿ ಬದುಕಿದವರು. ಕವಿಯ ಉದ್ಯಾನದಲ್ಲಿ ಅತ್ತಿಗೆ ಅಂಥ ಜಾಗ ಇಲ್ಲ.

ಎಲ್ಲೆ ಹೇಳುವ ಸಾಲುಗಳು

ಈಗ ಆ ಗದ್ಯದ ಕಡೆಗೆ ಬರೋಣ. ಕಲ್ಲಿನ ಕೊನೆಯ ಭಾಗದಲ್ಲಿ ದತ್ತಿಯ ಭೂಮಿ ಎಲ್ಲಿದೆ, ಎಷ್ಟಿದೆ, ಅದರ ಎಲ್ಲೆ ಯಾವುದು ಅಂತ ಹೇಳುತ್ತಾರೆ. ಓದುಗರಿಗೆ ಅಂದಾಜು ಸಿಗಲಿ ಅಂತ, ಯಾವ ಒಂದು ಶಾಸನದ ಸಾಲೂ ಅಲ್ಲದೆ, ಅದರ ಧಾಟಿಯನ್ನು ಮಾತ್ರ ಹೊಸಗನ್ನಡದಲ್ಲಿ ಹೇಳುತ್ತೇನೆ: ಮೂಡಲು ಹಳ್ಳ, ಆಗ್ನೇಯಕ್ಕೆ ನಟ್ಟ ಕಲ್ಲು, ತೆಂಕಲು ಹಿರಿಯ ಬಟ್ಟೆ, ನೈರುತ್ಯಕ್ಕೆ ಹುಣಸೆಮರದ ಬುಡದ ಹುತ್ತ, ಪಡುವಲು ಮೊರಡಿ, ಬಡಗಲು ಕೆರೆಯ ಕೋಡಿ. ಎಂಟು ದಿಕ್ಕಿಗೂ ಹೀಗೆ. ಅಳತೆ ಮತ್ತರು, ಕಮ್ಮ ಲೆಕ್ಕದಲ್ಲಿ. ಯಾವ ಕೋಲಿನಿಂದ ಅಳೆದಿದ್ದು ಅಂತ ಕೋಲಿನ ಹೆಸರೂ ಬರುತ್ತದೆ. ಯಾಕಂದರೆ ಊರಿಂದ ಊರಿಗೆ ಕೋಲು ಬೇರೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಮೋಜಣಿಯ ಟಿಪ್ಪಣಿ. ಕೋಲಿನ ಅಳತೆ ಹೇಳದೆ ಮತ್ತರು ಅಂದರೆ ಅರ್ಥವಿಲ್ಲ ಅನ್ನೋ ತಿಳಿವಳಿಕೆ ಅವರಿಗಿತ್ತು. ಆದರೆ ಇಲ್ಲಿ ನನ್ನ ಮಾತು ಅಳತೆಯದ್ದಲ್ಲ. ಈ ಸಾಲುಗಳಲ್ಲಿ ಬರುವ ಗಿಡಮರ, ನೀರು, ಮಣ್ಣು ಯಾವುವು ಅಂತ ನೋಡಿ. ಆಲ, ಅತ್ತಿ, ಹುಣಸೆ, ಬನ್ನಿ, ಬೇವು. ಕೊಳ ಅಲ್ಲ, ಹಳ್ಳ. ನಂದನವನ ಅಲ್ಲ, ಮೊರಡಿ. ಮಣ್ಣಿನಲ್ಲೂ ಭೇದ: ಕರಿಯ ಎರೆ ಬೇರೆ, ಕೆಂಪು ನೆಲ ಬೇರೆ. ಬೇಸಾಯದಲ್ಲೂ ಭೇದ: ಒಣ ಹೊಲಕ್ಕೆ ಕೆಯ್, ನೀರಿನ ಬಯಲಿಗೆ ಗರ್ದೆ, ತೋಟಕ್ಕೆ ತೋಂಟ. ಪದ್ಯಕ್ಕೆ ಈ ಮೂರೂ ಒಂದೇ, ಗದ್ಯದಲ್ಲಿ ಮೂರಕ್ಕೂ ಬೇರೆ ಬೇರೆ ಲೆಕ್ಕ. ಒಣ ಹೊಲ ಮತ್ತರುಗಟ್ಟಲೆ ಇದ್ದರೆ ಹೂದೋಟ ಕೆಲವೇ ಕಮ್ಮ. ಪದ್ಯದಲ್ಲಿ ನಾಡನ್ನೆಲ್ಲ ತುಂಬಿದ್ದ ತೋಟ ದತ್ತಿಯ ಪತ್ರದಲ್ಲಿ ದೇವರ ಹೂವಿಗೆ ಸಾಕಾಗುವಷ್ಟು ಜಾಗಕ್ಕೆ ಇಳಿಯುತ್ತದೆ.

ಇದು ಕವಿತೆಯೇ? ಕವಿತೆ ಅಂತ ಬರೆದದ್ದಲ್ಲ. ಆದರೆ ನಿಸರ್ಗವನ್ನು ಹತ್ತಿರದಿಂದ ನೋಡಿದ ಬರಹ ಹೌದು. ಒಂದು ಹುಣಸೆಮರವನ್ನು ಬೇರೆ ಎಲ್ಲಾ ಹುಣಸೆಮರಗಳಿಂದ ಬೇರ್ಪಡಿಸಿ, ಇಂಥ ದಾರಿಯ ಪಕ್ಕದ, ಇಂಥ ಹುತ್ತ ಇರುವ ಮರ ಅಂತ ಗುರುತಿಸೋದು ಸಾಮಾನ್ಯ ನೋಟ ಅಲ್ಲ. ಪದ್ಯದ ಮಾವು ಎಲ್ಲೂ ಬೆಳೆಯಬಹುದು, ಯಾವ ಕಲ್ಲಿನಿಂದ ಯಾವ ಕಲ್ಲಿಗೂ ಎತ್ತಿ ನೆಡಬಹುದು. ಎಲ್ಲೆಯ ಹುಣಸೆಯನ್ನು ಅಲ್ಲಾಡಿಸಿದರೆ ಜಗಳ ಆಗುತ್ತದೆ.

ಹಳ್ಳಿಯವರ ಮಾತು ಶಾಸನಕ್ಕೆ ಹೊಕ್ಕಿದ್ದರೆ ಇಲ್ಲಿಂದಲೇ ಹೊಕ್ಕಿದೆ. ಎಲ್ಲೆ ತೋರಿಸಿದವರು ಆಸ್ಥಾನದ ಕವಿಗಳಾಗಿರಲು ಸಾಧ್ಯವಿಲ್ಲ. ಊರ ಗೌಡ, ಒಕ್ಕಲು ಮಕ್ಕಳು, ಆ ನೆಲದಲ್ಲಿ ಓಡಾಡಿದವರು ಹೇಳಿರಬೇಕು. ಬರೆಯುವವನು ಅವರ ಹೆಸರುಗಳನ್ನೇ ಇಟ್ಟುಕೊಂಡಿರಬೇಕು. ಅದಕ್ಕೇ ಇರಬೇಕು, ಸಂಸ್ಕೃತದ ಸಮಾಸಗಳಲ್ಲಿ ಓಡುತ್ತಿದ್ದ ಶಾಸನದ ಭಾಷೆ ಈ ಜಾಗಕ್ಕೆ ಬಂದಾಗ ಅಚ್ಚಗನ್ನಡಕ್ಕೆ ತಿರುಗುತ್ತದೆ. ಮೂಡ, ತೆಂಕ, ಪಡುವ, ಬಡಗ, ಹಳ್ಳ, ಕಲ್ಲು, ಬಟ್ಟೆ, ಕೆರೆ, ಏರಿ. ತಿರುಳ್ಗನ್ನಡ ಎಲ್ಲಿತ್ತು ಅಂತ ಕೇಳಿದರೆ ನಾನು ಈ ಸಾಲುಗಳನ್ನು ತೋರಿಸುತ್ತೇನೆ.

ಹಾಗಂತ ಪದ್ಯ ಸುಳ್ಳೇ?

ಅಲ್ಲ. ಇಲ್ಲಿ ನಾವು ದುಡುಕಬಾರದು. ಬರಗಾಲ ಕಂಡ ಎರೆನಾಡಿನಲ್ಲಿ ಒಬ್ಬ ಕವಿ ತಾವರೆಗೊಳ, ಅಡಕೆತೋಟ, ಭತ್ತದ ಗದ್ದೆ ಅಂತ ಬರೆದರೆ ಅದನ್ನು ವರದಿ ಅಂತ ಓದಿದಾಗ ಮಾತ್ರ ಅದು ಸುಳ್ಳು. ಹಾರೈಕೆ ಅಂತ ಓದಿದರೆ ಬಹಳ ನಿಜ. ದತ್ತಿ ಕೊಡುವ ಸಂದರ್ಭವೇ ಮಂಗಳದ ಸಂದರ್ಭ. ಮದುವೆಯಲ್ಲಿ ಹಾಡುವ ಹಾಡಿನಲ್ಲಿ ಮನೆ ತುಂಬ ಬಂಗಾರ ಇರುತ್ತದೆ. ಯಾರೂ ಹೋಗಿ ತೂಗಿ ನೋಡುವುದಿಲ್ಲ. ಇದೂ ಹಾಗೆ. ಅದರ ಜೊತೆಗೆ, ಇದೇ ಕಾಲದಲ್ಲಿ ಕೆರೆ ಕಟ್ಟಿಸಿದವರು, ಕೆರೆಯ ರಿಪೇರಿಗೆ ಅಂತ ಭೂಮಿ ಬಿಟ್ಟವರು ಶಾಸನಗಳಲ್ಲಿ ಸಾಲುಸಾಲಾಗಿ ಸಿಗುತ್ತಾರೆ. ಪದ್ಯದಲ್ಲಿ ಬಯಸಿದ ನೀರನ್ನು ಗದ್ಯದಲ್ಲಿ ಕಟ್ಟಿ ನಿಲ್ಲಿಸಲು ನೋಡಿದ್ದಾರೆ. ಸವದತ್ತಿ ತಾಲೂಕಿನ ಹೂಲಿ, ಹಳೆಯ ಪೂಲಿ, ಸಾವಿರ ಮಹಾಜನರ ಅಗ್ರಹಾರ. ಅಷ್ಟು ದೊಡ್ಡ ನೆಲೆ ಗುಡ್ಡದ ಬುಡದಲ್ಲಿ ನಿಂತದ್ದು ಪದ್ಯದ ಕೊಳದಿಂದಲ್ಲ, ಕೆರೆ ಬಾವಿಗಳಿಂದ.

ಆದರೆ ಹಾರೈಕೆ ಅಂತ ಒಪ್ಪಿಕೊಂಡ ಮೇಲೂ ವಿಮರ್ಶೆಯ ಪ್ರಶ್ನೆ ಉಳಿಯುತ್ತದೆ. ಹಳ್ಳಿಯನ್ನು ಹಳ್ಳಿಯ ಮಾತಿನಲ್ಲೇ ಹಾರೈಸಬಹುದಿತ್ತಲ್ಲ? ಆ ಕಾಲದಲ್ಲಿ ಅದು ಆಗದ ಮಾತಾಗಿರಲಿಲ್ಲ. ನಮ್ಮ ಸೀಮೆಯಿಂದ ಬಹಳ ದೂರ ಇಲ್ಲದ ಮುಳುಗುಂದದಲ್ಲಿ ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದ. ಚಂಪುವಿನ ಚೌಕಟ್ಟಿನಲ್ಲೇ ಹೊಲಮನೆಯ ಹೋಲಿಕೆ, ಜನರ ಗಾದೆ ತುಂಬಿದ, ಸಂಸ್ಕೃತದ ಭಾರ ಹೇರುವವರನ್ನು ಗೇಲಿ ಮಾಡಿದ. ಅದೇ ಶತಮಾನದಲ್ಲಿ ವಚನಕಾರರು ಒಕ್ಕಲುತನದ ಮಾತಿನಲ್ಲೇ ದೊಡ್ಡ ಮಾತು ಆಡಿದರು. ದಾರಿ ಇತ್ತು. ಶಾಸನಕವಿಗಳು ಆ ದಾರಿ ಹಿಡಿಯಲಿಲ್ಲ. ಅವರ ಓದುಗ ಊರಿನ ಒಕ್ಕಲಿಗ ಅಲ್ಲ. ಅರಸ, ಗುರು, ಸಹಕವಿ. ಕಲ್ಲು ಹಳ್ಳಿಯಲ್ಲಿ ನಿಂತರೂ ಪದ್ಯದ ಮುಖ ರಾಜಧಾನಿಯ ಕಡೆಗೇ ಇತ್ತು. ಸೊಗಲದ ಕಮಳಾದಿತ್ಯನಿಂದ ಬೆಳಗಾವಿಯ ಬಾಲಚಂದ್ರನವರೆಗೆ ಇನ್ನೂರು ವರ್ಷಕ್ಕೂ ಹೆಚ್ಚು ಅಂತರ. ಅಷ್ಟು ಕಾಲದಲ್ಲೂ ಶಾಸನಪದ್ಯದ ಚೌಕಟ್ಟು ಅಲುಗಲಿಲ್ಲ.

ನವೋದಯದ ಕನ್ನಡಕ

ಇನ್ನೊಂದು ತಪ್ಪು ಓದು ನಮ್ಮ ಕಾಲದ್ದು. ಪಟ್ಟಣ ಅಂದರೆ ಧೂಳು, ಕೃತಕ. ಹಳ್ಳಿ ಅಂದರೆ ಹಸಿರು, ಮುಗ್ಧತೆ. ಈ ಎದುರುಬದುರು ನಮಗೆ ಎಷ್ಟು ರೂಢಿಯಾಗಿದೆ ಅಂದರೆ ಶಾಸನದ ಪದ್ಯದಲ್ಲೂ ಅದನ್ನೇ ಹುಡುಕುತ್ತೇವೆ. ಇದು 20ನೇ ಶತಮಾನದ ನಿಸರ್ಗಕಾವ್ಯದಿಂದ ಬಂದ ಕಣ್ಣು. ಆಗ ಓದಿಗಾಗಿ, ನೌಕರಿಗಾಗಿ ಊರು ಬಿಟ್ಟು ಪೇಟೆಗೆ ಬಂದ ತಲೆಮಾರು ಬರೆಯುತ್ತಿತ್ತು. ಅವರಿಗೆ ಹಳ್ಳಿ ಬಿಟ್ಟುಬಂದ ಜಾಗ. ಗೋಕಾಕ ತಾಲೂಕಿನ ಬೆಟಗೇರಿಯಿಂದ ಬಂದ ಕೃಷ್ಣಶರ್ಮರು (1900–1982), ಆನಂದಕಂದರು, ‘ನಲ್ವಾಡುಗಳು’ ಸಂಕಲನದಲ್ಲಿ ಈ ಭಾಗದ ಹಳ್ಳಿಯ ಆಡುಮಾತನ್ನೇ ಕವಿತೆಯ ಮಾತು ಮಾಡಿದರು. ಧಾರವಾಡದ ಬೇಂದ್ರೆಯವರು (1896–1981) ಇದೇ ಕಡೆಯ ಮಾತಿನ ಲಯದಲ್ಲಿ ಮಳೆಗಾಲವನ್ನೂ ಬೆಳಗನ್ನೂ ಹಿಡಿದರು. ಎಲ್ಲೆಯ ಗದ್ಯದಲ್ಲಿ ಕೂತಿದ್ದ ಹಳ್ಳ, ಕೊಳ್ಳ, ಮಡ್ಡಿ ಪದ್ಯದೊಳಗೆ ಕಾಲಿಡಲು ಶಾಸನಗಳ ಕಾಲದಿಂದ ಸುಮಾರು 700 ವರ್ಷ ಬೇಕಾಯಿತು ಅಂತ ನಾನು ಓದುತ್ತೇನೆ.

ಆದರೆ ರಟ್ಟರ ಕಾಲದ ಕವಿ ಊರು ಬಿಟ್ಟುಬಂದು ಹಲಬುತ್ತಿದ್ದವನಲ್ಲ. ಅವನಿಗೆ ಪಟ್ಟಣದ ಮೇಲೆ ಸಿಟ್ಟಿಲ್ಲ, ಹಳ್ಳಿಯ ಮೇಲೆ ಹಂಬಲವಿಲ್ಲ. ಪಟ್ಟಣವನ್ನು ಹೊಗಳಲೂ ಹಳ್ಳಿಯನ್ನು ಹೊಗಳಲೂ ಒಂದೇ ತೋಟ ಸಾಕಾಗಿತ್ತು. ಅವನ ಪದ್ಯ ಎತ್ತಿಕೊಂಡು “ನೋಡಿ, ಅಂದಿನ ಹಳ್ಳಿ ಎಷ್ಟು ಹಸಿರಾಗಿತ್ತು, ಇಂದಿನ ನಗರ ಎಲ್ಲವನ್ನೂ ನುಂಗಿತು” ಅಂತ ಭಾಷಣ ಮಾಡಿದರೆ ಕವಿಗೂ ಅನ್ಯಾಯ, ಹಳ್ಳಿಗೂ ಅನ್ಯಾಯ.

ಇದು ಬರೀ ಸಾಹಿತ್ಯದ ಮಾತಲ್ಲ. “ಈ ಸೀಮೆಯಲ್ಲಿ ಮೊದಲಿಂದಲೂ ಭತ್ತ, ತೋಟ ಇತ್ತು, ಶಾಸನದಲ್ಲೇ ಇದೆ” ಅನ್ನೋ ಮಾತನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ. ಎರಿ ಭೂಮಿಯ ಸ್ವಭಾವ ಬೇರೆ. ಅದು ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿಯ ಜೋಳ, ಕಡಲೆಯನ್ನು ಆ ಹಸಿಯಲ್ಲೇ ಬೆಳೆಸುವ ನೆಲ. ಮೇಲಿಂದ ಮೇಲೆ ನೀರು ನಿಲ್ಲಿಸಿದರೆ ಜವುಳು ಹಿಡಿಯುತ್ತದೆ, ಸವಳಾಗುತ್ತದೆ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ 1970ರ ದಶಕದಲ್ಲಿ ರೇಣುಕಾಸಾಗರ ತುಂಬಿತು. ಅದರ ಸಾಮರ್ಥ್ಯ 37.73 ಟಿಎಂಸಿ. ಕಾಲುವೆಯ ನೀರಿನಿಂದ ಬದುಕು ಹಸನಾದವರು ಬಹಳ. ಆದರೆ ಅದೇ ಅಚ್ಚುಕಟ್ಟಿನ ರೈತರು 1980ರಲ್ಲಿ ನರಗುಂದ, ನವಲಗುಂದ, ಸವದತ್ತಿಯಲ್ಲಿ ಬೆಟರ್‌ಮೆಂಟ್ ಲೆವಿಯ ವಿರುದ್ಧ ಬೀದಿಗೆ ಇಳಿದದ್ದೂ ಇತಿಹಾಸ. ನೀರು ಬಂತು ಅಂತ ಕಾಗದದಲ್ಲಿ ಬರೆಯೋದು ಬೇರೆ, ಹೊಲದಲ್ಲಿ ಏನಾಯಿತು ಅನ್ನೋದು ಬೇರೆ. ನೆಲದ ಬಗ್ಗೆ ಹಳೆಯ ಸಾಕ್ಷಿ ಬೇಕಿದ್ದರೆ ವರ್ಣನೆಯ ಗದ್ದೆಯನ್ನಲ್ಲ, ಎರೆಯ ಮತ್ತರನ್ನು ಓದಬೇಕು.

ಸಂಕಲನಗಳ ಬಗ್ಗೆ, ಕಲ್ಲುಗಳ ಬಗ್ಗೆ

ಆರ್. ನರಸಿಂಹಾಚಾರ್ಯರ ‘ಶಾಸನ ಪದ್ಯಮಂಜರಿ’ ಸುಮಾರು ನೂರು ವರ್ಷದ ಹಿಂದಿನ ಕೆಲಸ. ಶಾಸನ ಅಂದರೆ ಬರೀ ಇತಿಹಾಸದ ಆಕರ ಅಂತಿದ್ದ ಕಾಲದಲ್ಲಿ ಅದರಲ್ಲಿ ಸಾಹಿತ್ಯ ಇದೆ ಅಂತ ತೋರಿಸಿದ ಉಪಕಾರ ದೊಡ್ಡದು. ಆ ಗ್ರಂಥದ ಉದ್ದೇಶವೇ ಪದ್ಯ, ಅದನ್ನು ಅವರು ನೆರವೇರಿಸಿದರು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಇನ್ನೊಂದು ದಾರಿ ತೆರೆದು, ಗದ್ಯದೊಳಗಿನ ಬದುಕನ್ನು ಎತ್ತಿ ತೋರಿಸಿತು. ನಮ್ಮ ತೊಂದರೆ ಏನಂದರೆ ಈ ಎರಡು ದಾರಿ ಮತ್ತೆ ಕೂಡಲೇ ಇಲ್ಲ. ಸಾಹಿತ್ಯದವರು ಪದ್ಯ ಕತ್ತರಿಸಿಕೊಂಡರು, ಇತಿಹಾಸದವರು ದತ್ತಿ ಕತ್ತರಿಸಿಕೊಂಡರು. ಒಂದೇ ಕಲ್ಲಿನ ಮೇಲೆ ಒಂದರ ಕೆಳಗೊಂದು ಕೆತ್ತಿದ್ದನ್ನು ಎರಡು ಕಪಾಟಿನಲ್ಲಿ ಇಟ್ಟೆವು. ಹೀಗಾಗಿ ಪದ್ಯ ಓದುವವನಿಗೆ ಅದು ಹಾರೈಕೆ ಅಂತ ಗೊತ್ತಾಗುವುದಿಲ್ಲ, ದತ್ತಿ ಓದುವವನಿಗೆ ಅದರಲ್ಲಿ ನಿಸರ್ಗ ಇದೆ ಅಂತ ಗೊತ್ತಾಗುವುದಿಲ್ಲ.

ನನ್ನ ಸಲಹೆ ಸಣ್ಣದು. ಇನ್ನು ಮುಂದೆ ಶಾಸನದ ಊರವರ್ಣನೆಯ ಪದ್ಯ ಉದಾಹರಿಸುವಾಗ ಅದರ ಪಕ್ಕದಲ್ಲೇ ಅದೇ ಕಲ್ಲಿನ ಎಲ್ಲೆಯ ಸಾಲುಗಳನ್ನೂ ಕೊಡೋಣ. ಕಾಲೇಜಿನ ಪಠ್ಯದಲ್ಲಿ, ಲೇಖನದಲ್ಲಿ, ಇಂಥ ಪುಟಗಳಲ್ಲೂ.

ಇದಕ್ಕೆ ಒಂದು ಅವಸರವೂ ಇದೆ. ಶಾಸನದ ಕಲ್ಲು ಹೇಗೆ ಇರುತ್ತದೆ ಅಂತ ನಿಮಗೆ ಗೊತ್ತು. ಮೇಲೆ ಸೂರ್ಯ ಚಂದ್ರ, ಲಿಂಗ ಅಥವಾ ಜಿನಬಿಂಬ, ಹಸುಕರು, ಆಮೇಲೆ ಪದ್ಯ, ಕೆಳಗೆ ದತ್ತಿ, ಎಲ್ಲೆ, ಶಾಪಾಶಯ. ಹಾಳಾಗೋದು ಮೊದಲು ಕೆಳಭಾಗ. ಮಣ್ಣು ಏರುತ್ತದೆ. ಗುಡಿಯ ಜೀರ್ಣೋದ್ಧಾರದಲ್ಲಿ ನೆಲಕ್ಕೆ ಗ್ರಾನೈಟ್ ಹಾಸಿದಾಗ, ಕಟ್ಟೆಗೆ ಕಾಂಕ್ರೀಟ್ ಹಾಕಿದಾಗ ಮುಚ್ಚಿಹೋಗೋದು ಕೊನೆಯ ಹತ್ತು ಹನ್ನೆರಡು ಸಾಲು. ಕವಿಯ ತೋಟ ಮೇಲೆ ಉಳಿಯುತ್ತದೆ, ಊರಿನವರ ಹೊಲ ಸಿಮೆಂಟಿನೊಳಗೆ ಹೋಗುತ್ತದೆ. ಈ ನಾಲ್ಕೂ ತಾಲೂಕುಗಳಲ್ಲಿ ಇಂಥ ಕಲ್ಲು ನಾನು ನೋಡಿದ್ದೇನೆ. ಪ್ರಕಟವಾದ ಪಾಠ ಇದ್ದರೆ ನಾವು ಬಚಾವ್, ಇಲ್ಲದಿದ್ದರೆ ಹೋಯಿತು.

ಆದ್ದರಿಂದ ಕ್ಷೇತ್ರಕ್ಕೆ ಹೋಗುವ ಗೆಳೆಯರಲ್ಲಿ ವಿನಂತಿ. ಫೋಟೋ ತೆಗೆಯುವಾಗ ಮೇಲಿನ ಶಿಲ್ಪಕ್ಕಿಂತ ಮೊದಲು ಕೆಳಗಿನ ಸಾಲು ತೆಗೆಯಿರಿ, ಪಕ್ಕದಿಂದ ಬೆಳಕು ಬೀಳುವ ಹೊತ್ತಿಗೆ. ಗುಡಿಯ ಕೆಲಸ ನಡೀತಿದ್ದರೆ ಊರ ಹಿರಿಯರಿಗೆ, ಗೌಂಡಿಗೂ ಹೇಳಿ, ಕಲ್ಲಿನ ಸುತ್ತ ಒಂದು ಅಡಿ ಬಿಟ್ಟು ಹಾಸ್ರಿ ಅಂತ. ಹೇಳಿದರೆ ಕೇಳುತ್ತಾರೆ, ಆ ಸಾಲುಗಳಲ್ಲಿ ತಮ್ಮ ಹಳ್ಳದ ಹೆಸರು ಇದೆ ಅಂತ ಗೊತ್ತಾದರೆ ಇನ್ನೂ ಚೆನ್ನಾಗಿ ಕೇಳುತ್ತಾರೆ. ಮತ್ತೆ, ಊರಿನ ಹೊಲಗಳ ಹೆಸರು ಬರೆದುಕೊಳ್ಳಿ. ಸರ್ವೆ ನಂಬರ್ ಬಂದ ಮೇಲೂ ಜನ ಹೊಲವನ್ನು ಹೆಸರಿನಿಂದಲೇ ಕರೆಯುತ್ತಾರೆ: ಹುಣಸಿಮರದ ಪಟ್ಟಿ, ಹಳ್ಳದ ದಂಡಿ ಹೊಲ, ಮಡ್ಡಿ ಹೊಲ. ಮಕ್ಕಳು ಬೆಳಗಾವಿ, ಹುಬ್ಬಳ್ಳಿ, ಪುಣೆ, ಬೆಂಗಳೂರಿಗೆ ಹೋದ ಮನೆಗಳಲ್ಲಿ ಆ ಹೆಸರುಗಳನ್ನು ಹೇಳುವವರು ಈಗ ಎಪ್ಪತ್ತು ದಾಟಿದ್ದಾರೆ. ಮುಂದಿನ ಪೀಳಿಗೆಗೆ ಪಹಣಿಯ ನಂಬರ್ ಮಾತ್ರ ಗೊತ್ತು.

ಶಾಸನದ ಎಲ್ಲೆಯ ಹೆಸರು, ಇಂದಿನ ಹೊಲದ ಹೆಸರು ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು, ಊರಿನ ನಕಾಶೆಯ ಮೇಲೆ ಇಟ್ಟು ನೋಡುವ ಕೆಲಸವನ್ನು ಒಂದೊಂದು ಊರಿಗೆ ಒಬ್ಬರು ಹಿಡಿದರೂ ಸಾಕು. ಹತ್ತರಲ್ಲಿ ಎರಡು ಹೆಸರು ಕೂಡಿಬಂದರೆ, ಎಂಟು ನೂರು ವರ್ಷದ ಹಿಂದೆ ಎಲ್ಲೆ ನಡೆದವರ ಹಿಂದೆ ನಾವೂ ಸ್ವಲ್ಪ ದೂರ ನಡೆಯಬಹುದು. ಆಮೇಲೆ ಮೇಲಿನ ಪದ್ಯಕ್ಕೆ ಮರಳಿ ಬಂದು ಓದಿ. ಅದು ಆಗ ಬೇರೆ ರುಚಿ ಕೊಡುತ್ತದೆ.